ಬಾಕ್ಸ್ ಸೆಟ್ ಬೇಡ, ಮೊದಲು ಒಂದು ಪುಸ್ತಕ ತನ್ನಿ

ಪ್ರಶ್ನೆ: ನನ್ನ ಮಗಳು ಎರಡನೇ ಪಿಯುಸಿ ಮುಗಿಸಿ ರಜೆಯಲ್ಲಿದ್ದಾಳೆ. ‘ಡ್ಯೂನ್’ ಸಿನಿಮಾದ ಎರಡೂ ಭಾಗ ನೋಡಿದ ಮೇಲೆ ಅವಳಿಗೆ ವೈಜ್ಞಾನಿಕ ಕಾದಂಬರಿಗಳ ಹುಚ್ಚು ಹಿಡಿದಿದೆ. ‘ಡ್ಯೂನ್’, ಅಸಿಮೋವ್ ಅವರ ‘ಫೌಂಡೇಶನ್’, ಚೀನಾದ ‘ತ್ರೀ ಬಾಡಿ ಪ್ರಾಬ್ಲಮ್’ ಮೂರೂ ಸರಣಿ ಬೇಕಂತೆ. ನೆಟ್‌ನಲ್ಲಿ ಹುಡುಕಿದರೆ ಒಬ್ಬೊಬ್ಬರು ಒಂದೊಂದು ಕ್ರಮ ಹೇಳುತ್ತಾರೆ. ಎರಡು ವರ್ಷದ ಹಿಂದೆ ಬೇರೊಂದು ಸರಣಿಯ ಬಾಕ್ಸ್ ಸೆಟ್ ತರಿಸಿದ್ದೆ. ಮೊದಲ ಪುಸ್ತಕದಲ್ಲೇ ಐವತ್ತು ಪುಟ ದಾಟಲಿಲ್ಲ, ಈಗ ಅದು ಟಿವಿ ಪಕ್ಕ ಧೂಳು ತಿನ್ನುತ್ತಿದೆ. ಯಾವುದನ್ನು ಯಾವ ಕ್ರಮದಲ್ಲಿ ಓದಬೇಕು? ಕೊಳ್ಳುವ ಮೊದಲು ರುಚಿ ನೋಡಲು ದಾರಿ ಇದೆಯೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲಿಗೆ, ಆ ಬಾಕ್ಸ್ ಸೆಟ್ ವಿಷಯಕ್ಕೆ ಮಗಳನ್ನು ಬೈಯಬೇಡಿ. ಬಾಕ್ಸ್ ಸೆಟ್ ತಯಾರಾಗುವುದು ಕಪಾಟಿಗಾಗಿ, ಓದುವವರಿಗಾಗಿ ಅಲ್ಲ. ಒಂದು ಕಾಲೇಜಿನ ಲೈಬ್ರರಿಯಲ್ಲಿ ಬಹಳ ವರ್ಷ ಕೂತವನು ನಾನು. ಸರಣಿಗಳ ಮೊದಲ ಪುಸ್ತಕ ಬೈಂಡ್ ಕಿತ್ತುಹೋಗಿ ಅಂಟು ಹಾಕಿಸಿಕೊಂಡಿರುತ್ತಿತ್ತು, ಎರಡನೆಯದು ಸ್ವಲ್ಪ ಮಾಸಿರುತ್ತಿತ್ತು, ನಾಲ್ಕನೆಯದರಿಂದ ಮುಂದೆ ಅಂಗಡಿಯಿಂದ ಬಂದ ಹೊಳಪು ಹಾಗೇ ಇರುತ್ತಿತ್ತು. ಹಾಗಾಗಿ ನೀವು ಕೇಳಿದ ಎರಡು ಪ್ರಶ್ನೆಗಳ ಜೊತೆ ಮೂರನೆಯದೊಂದನ್ನು ನಾನೇ ಸೇರಿಸಿಕೊಳ್ಳುತ್ತೇನೆ: ಎಲ್ಲಿ ನಿಲ್ಲಿಸಬಹುದು? ದುಡ್ಡು ಉಳಿಸುವ ಪ್ರಶ್ನೆ ಅದು.

ಕ್ರಮದ ಜಗಳ ಇರುವುದು ಎರಡೇ ಪಕ್ಷಗಳ ನಡುವೆ. ಪುಸ್ತಕ ಅಚ್ಚಾದ ಕ್ರಮದಲ್ಲಿ ಓದಿ ಎನ್ನುವವರು ಒಂದು ಕಡೆ, ಕತೆ ನಡೆಯುವ ಕಾಲದ ಕ್ರಮದಲ್ಲಿ ಓದಿ ಎನ್ನುವವರು ಇನ್ನೊಂದು ಕಡೆ. ನಾನು ಮೊದಲ ಪಕ್ಷದವನು. ಯಾಕೆ ಅಂತ ನನ್ನ ತಪ್ಪಿನಿಂದಲೇ ಹೇಳುತ್ತೇನೆ.

ಓದುವ ದಿನಗಳಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ರಟ್ಟು ಹರಿದ ‘ಸೆಕೆಂಡ್ ಫೌಂಡೇಶನ್’ ಸಿಕ್ಕಿತು. ಅಸಿಮೋವ್ ಹೆಸರು ಕೇಳಿದ್ದೆ, ಅದು ಮೂರನೇ ಪುಸ್ತಕ ಎಂದು ಗೊತ್ತಿರಲಿಲ್ಲ. ಹೆಸರಿನಲ್ಲೇ ‘ಸೆಕೆಂಡ್’ ಇದೆಯಲ್ಲ, ಹೆಚ್ಚೆಂದರೆ ಎರಡನೆಯದಿರಬೇಕು ಅಂದುಕೊಂಡೆ. ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ, ಬಹಳ ಇಷ್ಟವಾಯಿತು. ಆಮೇಲೆ ಮೊದಲೆರಡನ್ನು ಹುಡುಕಿ ತಂದು ಓದಿದಾಗ ಆದ ಬೇಸರ ಈಗಲೂ ನೆನಪಿದೆ. ಎರಡನೇ ಪುಸ್ತಕದಲ್ಲಿ ಮ್ಯೂಲ್ ಎಂಬ ವ್ಯಕ್ತಿ ಯಾರು ಅನ್ನುವುದರ ಮೇಲೇ ಅರ್ಧ ಕತೆ ನಿಂತಿದೆ. ಎರಡನೇ ಫೌಂಡೇಶನ್ ಎಂಬ ಗುಪ್ತ ಸಂಸ್ಥೆ ಎಲ್ಲಿದೆ ಅನ್ನುವ ಒಗಟು ಆ ಪುಸ್ತಕದ ಕೊನೆಯ ಭಾಗದಲ್ಲಿ ಓದುಗನನ್ನು ಎಳೆದುಕೊಂಡು ಹೋಗುತ್ತದೆ. ನನಗೆ ಎರಡೂ ಮೊದಲೇ ಗೊತ್ತು. ಪತ್ತೇದಾರಿ ಕಾದಂಬರಿಯ ಕೊನೇ ಹಾಳೆ ಹರಿದು ಜೇಬಿನಲ್ಲಿಟ್ಟುಕೊಂಡು ಮೊದಲ ಪುಟ ಶುರು ಮಾಡಿದ ಹಾಗಾಯಿತು.

ಈಗ ‘ಫೌಂಡೇಶನ್’ ಲೆಕ್ಕವನ್ನೇ ನೋಡೋಣ, ಗೊಂದಲ ಹೆಚ್ಚಿರುವುದು ಅಲ್ಲೇ. ಮೂಲ ಮೂರು ಪುಸ್ತಕಗಳು ಬಂದದ್ದು 1951, 1952, 1953ರಲ್ಲಿ: ‘ಫೌಂಡೇಶನ್’, ‘ಫೌಂಡೇಶನ್ ಅಂಡ್ ಎಂಪೈರ್’, ‘ಸೆಕೆಂಡ್ ಫೌಂಡೇಶನ್’. ಆಮೇಲೆ ಇಪ್ಪತ್ತೊಂಬತ್ತು ವರ್ಷ ಅಸಿಮೋವ್ ಆ ಸರಣಿಗೆ ಹೊಸ ಕಾದಂಬರಿ ಸೇರಿಸಲಿಲ್ಲ. 1982ರಲ್ಲಿ ‘ಫೌಂಡೇಶನ್ಸ್ ಎಡ್ಜ್’, 1986ರಲ್ಲಿ ‘ಫೌಂಡೇಶನ್ ಅಂಡ್ ಅರ್ಥ್’ ಬಂದವು. ನಂತರ ಹಿಂದಕ್ಕೆ ಹೋಗಿ, ಫೌಂಡೇಶನ್ ಕಟ್ಟಿದ ಗಣಿತಜ್ಞ ಹ್ಯಾರಿ ಸೆಲ್ಡನ್‌ನ ಯೌವನದ ಕತೆಯಾಗಿ 1988ರಲ್ಲಿ ‘ಪ್ರಿಲ್ಯೂಡ್ ಟು ಫೌಂಡೇಶನ್’ ಬರೆದರು. ಅವರು ತೀರಿಕೊಂಡದ್ದು 1992ರಲ್ಲಿ. ‘ಫಾರ್ವರ್ಡ್ ದ ಫೌಂಡೇಶನ್’ ಅಚ್ಚಾದದ್ದು 1993ರಲ್ಲಿ. ಕತೆಯ ಕಾಲದ ಪ್ರಕಾರ ನೋಡಿದರೆ ಕೊನೆಯ ಈ ಎರಡೇ ಮೊದಲು ಬರಬೇಕು, ನೆಟ್‌ನ ಎಷ್ಟೋ ಪಟ್ಟಿಗಳಲ್ಲಿ ಹಾಗೇ ಇರುತ್ತದೆ.

ಅಷ್ಟೇ ಅಲ್ಲ, ಆ ಪಕ್ಷದವರ ಕೈಯಲ್ಲಿ ದೊಡ್ಡ ಸಾಕ್ಷಿಯೂ ಇದೆ. ‘ಪ್ರಿಲ್ಯೂಡ್’ ಶುರುವಿನ ಟಿಪ್ಪಣಿಯಲ್ಲಿ ಸ್ವತಃ ಅಸಿಮೋವ್ ತಮ್ಮ ಪುಸ್ತಕಗಳನ್ನು ಕತೆಯ ಕಾಲದ ಕ್ರಮದಲ್ಲಿ ಪಟ್ಟಿ ಮಾಡಿ, ಬಹುಶಃ ಹೀಗೆ ಓದಬೇಕು ಎಂಬ ಧಾಟಿಯಲ್ಲಿ ಬರೆದಿದ್ದಾರೆ. ರೋಬಾಟ್ ಕತೆಗಳಿಂದ ಶುರುವಾಗಿ ಅದರಲ್ಲಿ ಹದಿನಾಲ್ಕು ಪುಸ್ತಕಗಳಿವೆ. ಬರೆದವರೇ ಹೇಳಿದ ಮೇಲೆ ನಿಮ್ಮದೇನು ಮಾತು ಅಂತ ಕೇಳಬಹುದು. ನನ್ನ ಉತ್ತರ: ಅಡುಗೆ ಭಟ್ಟರಿಗೆ ಊಟದ ರುಚಿ ಮೊದಲೇ ಗೊತ್ತಿರುತ್ತದೆ, ಹಸಿದು ಕೂತವರಿಗೆ ಗೊತ್ತಿರುವುದಿಲ್ಲ. ‘ಪ್ರಿಲ್ಯೂಡ್’ ಕೊನೆಯಲ್ಲಿ ಒಬ್ಬ ಪಾತ್ರ ನಿಜಕ್ಕೂ ಯಾರು ಎಂಬುದು ಬಯಲಾಗುತ್ತದೆ. ಹಳೇ ರೋಬಾಟ್ ಕಾದಂಬರಿಗಳನ್ನು ಓದಿದವರಿಗೆ ಅದು ರೋಮಾಂಚನ, ಓದದವರಿಗೆ ಬರೀ ಒಂದು ಹೆಸರು. ಹದಿನೆಂಟು ವರ್ಷದ ಹುಡುಗಿಯ ಕೈಗೆ ಹದಿನಾಲ್ಕು ಪುಸ್ತಕದ ಪಟ್ಟಿ ಕೊಟ್ಟರೆ ಟಿವಿ ಪಕ್ಕ ಇನ್ನೊಂದು ಗೋಪುರ ಏಳುತ್ತದೆ, ಅಷ್ಟೇ.

1951ರ ‘ಫೌಂಡೇಶನ್’ ಒಂದನ್ನೇ ಕೊಡಿಸಿ. ಹಿಡಿಸಿದರೆ ಉಳಿದೆರಡು. ಅಲ್ಲಿ ಧಾರಾಳವಾಗಿ ನಿಲ್ಲಿಸಬಹುದು, ಮೂರು ದಶಕ ಲೋಕವೆಲ್ಲ ಅಲ್ಲೇ ನಿಲ್ಲಿಸಿತ್ತು. ಇನ್ನೂ ಹಸಿವಿದ್ದರೆ ನಾಲ್ಕನೆಯದಕ್ಕೆ ಹೋಗುವ ಬದಲು 1954ರ ‘ದ ಕೇವ್ಸ್ ಆಫ್ ಸ್ಟೀಲ್’ ತನ್ನಿ. ಒಬ್ಬ ಪೊಲೀಸಿನವನು, ಜೊತೆಗೊಂದು ರೋಬಾಟು, ಒಂದು ಕೊಲೆ. ಕಾದಂಬರಿಯಾಗಿ ಅದು ‘ಫೌಂಡೇಶನ್’ಗಿಂತ ಗಟ್ಟಿ ಎಂದು ನನ್ನ ಅಭಿಪ್ರಾಯ. ಟಿವಿಯ ‘ಫೌಂಡೇಶನ್’ ನೋಡಿದ್ದರೆ ಒಂದು ಮಾತು ಮೊದಲೇ ಹೇಳಿಬಿಡಿ: ಅದರಲ್ಲಿ ಬರುವ ತದ್ರೂಪಿ ಚಕ್ರವರ್ತಿಗಳ ವಂಶ ಪುಸ್ತಕದಲ್ಲಿ ಇಲ್ಲ.

ಸ್ಯಾಂಪಲ್ ಮಾತು ಇಲ್ಲೇ ಬರುತ್ತದೆ. ಕಿಂಡಲ್‌ನಲ್ಲಾಗಲಿ ಗೂಗಲ್ ಪ್ಲೇ ಬುಕ್ಸ್‌ನಲ್ಲಾಗಲಿ ಇ-ಪುಸ್ತಕದ ಪುಟದಲ್ಲಿ ಸ್ಯಾಂಪಲ್ ಎಂಬ ಬಟನ್ ಇರುತ್ತದೆ, ಒತ್ತಿದರೆ ಪುಸ್ತಕದ ಆರಂಭದ ಭಾಗ ಪುಕ್ಕಟೆ ಫೋನಿಗೆ ಇಳಿಯುತ್ತದೆ. ಕಿಂಡಲ್‌ನಲ್ಲಿ ಸಾಮಾನ್ಯವಾಗಿ ಶೇಕಡ 10ರಷ್ಟು. ಒಂದು ರೂಪಾಯಿ ಖರ್ಚಿಲ್ಲ, ಅಚ್ಚಿನ ಪುಸ್ತಕವನ್ನೇ ಕೊಳ್ಳುವವರಾದರೂ ಇದನ್ನು ಮಾಡಿ ನೋಡಬಹುದು. ಆದರೆ ಇದನ್ನು ಕಣ್ಣು ಮುಚ್ಚಿ ನಂಬಬೇಡಿ. ‘ಫೌಂಡೇಶನ್’ ಪುಸ್ತಕದಲ್ಲಿ ಐದು ಭಾಗಗಳಿವೆ. ನಾಲ್ಕು ಭಾಗಗಳು 1942 ಮತ್ತು 1944ರಲ್ಲಿ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಬಿಡಿ ಕತೆಗಳಾಗಿ ಬಂದಿದ್ದವು. ಪುಸ್ತಕ ಮಾಡುವಾಗ ಶುರುವಿಗೊಂದು ಪೀಠಿಕೆ ಬೇಕೆಂದು ಮೊದಲ ಭಾಗವನ್ನು ಹೊಸದಾಗಿ ಬರೆದು ಸೇರಿಸಿದರು. ಅಂದರೆ ಫೋನಿಗೆ ಇಳಿದ ಸ್ಯಾಂಪಲ್ ಬಹುಮಟ್ಟಿಗೆ ಎಲ್ಲಕ್ಕಿಂತ ಕೊನೆಗೆ ಬರೆದ ಭಾಗದಲ್ಲೇ ಮುಗಿದುಹೋಗುತ್ತದೆ. ಹಳ್ಳಿಯಿಂದ ಪೇಟೆಗೆ ಬಂದವನಂತೆ ರಾಜಧಾನಿ ಟ್ರಾಂಟರ್‌ಗೆ ಬಂದಿಳಿದು ಬೆರಗಾಗುವ ಗಾಲ್ ಡಾರ್ನಿಕ್ ಎಂಬ ಹುಡುಗ ಮಗಳಿಗೆ ಇಷ್ಟವಾದ ಅಂದುಕೊಳ್ಳಿ. ಭಾಗ ಮುಗಿಯಿತು, ಐವತ್ತು ವರ್ಷ ಉರುಳಿತು, ಹುಡುಗ ನಾಪತ್ತೆ. ಆಮೇಲೆ ಪ್ರತಿ ಭಾಗಕ್ಕೂ ಹೊಸ ಜನ, ಹೊಸ ಕಾಲ. ಹಾಗಾಗಿ ಈ ಪುಸ್ತಕವನ್ನು ಪರೀಕ್ಷಿಸಬೇಕಾದದ್ದು ಎರಡನೇ ಭಾಗದ ಹತ್ತು ಪುಟ ಓದಿ. ಯಾರೂ ಓಡುವುದಿಲ್ಲ, ಹೊಡೆದಾಡುವುದಿಲ್ಲ. ಮೇಜಿನ ಸುತ್ತ ಕೂತು ವಾದ ಮಾಡುತ್ತಾರೆ. ಆ ವಾದವೇ ರುಚಿಸಿದರೆ ಮೂರೂ ಪುಸ್ತಕ ರುಚಿಸುತ್ತವೆ, ಇಲ್ಲದಿದ್ದರೆ ಒಂದೂ ಇಲ್ಲ.

‘ಡ್ಯೂನ್’ ಕತೆ ಇದಕ್ಕಿಂತ ಸರಳ. ಫ್ರ್ಯಾಂಕ್ ಹರ್ಬರ್ಟ್ ಬರೆದದ್ದು ಆರು, 1965ರಿಂದ 1985ರವರೆಗೆ. 1986ರಲ್ಲಿ ಅವರು ತೀರಿಕೊಂಡರು. 1999ರಿಂದ ಈಚೆಗೆ ಅವರ ಮಗ ಬ್ರಯನ್ ಹರ್ಬರ್ಟ್ ಮತ್ತು ಕೆವಿನ್ ಆಂಡರ್ಸನ್ ಸೇರಿ ಹಿಂದಿನ ಮುಂದಿನ ಕತೆಗಳನ್ನು ಸಾಲಾಗಿ ಬರೆದಿದ್ದಾರೆ. ‘ಕಾಲಾನುಕ್ರಮ’ ಎಂದು ಹೆಸರಿಟ್ಟ ಪಟ್ಟಿಗಳು ಇವನ್ನು ತಂದು ಮೊದಲಲ್ಲಿ ಕೂರಿಸುತ್ತವೆ, ‘ಡ್ಯೂನ್’ ಎಲ್ಲೋ ನಡುವೆ ಸಿಕ್ಕಿಹಾಕಿಕೊಂಡಿರುತ್ತದೆ. ಅಂಥ ಪಟ್ಟಿ ಕಂಡರೆ ಮುಂದಿನ ಪುಟಕ್ಕೆ ಹೋಗಿ. 1965ರದ್ದು ತನ್ನಿ, ಅದು ತನ್ನಷ್ಟಕ್ಕೆ ಪೂರ್ತಿ. ಮಗಳು ನೋಡಿದ ಎರಡೂ ಸಿನಿಮಾ ಸೇರಿ ಆ ಒಂದು ಪುಸ್ತಕದ ಕತೆ.

ಸಿನಿಮಾ ನೋಡಿಯಾಗಿದೆ, ಇನ್ನೇನು ಓದುವುದು ಎನ್ನುವ ಅನುಮಾನ ಬೇಡ. ಮನೆಯೊಳಗಿನ ದ್ರೋಹಿ ಯಾರು ಎಂಬುದನ್ನು ಹರ್ಬರ್ಟ್ ಎರಡನೇ ಅಧ್ಯಾಯದಲ್ಲೇ ಶತ್ರುಗಳ ಬಾಯಲ್ಲಿ ಹೇಳಿಸಿಬಿಡುತ್ತಾರೆ. ಏನಾಗುತ್ತದೆ ಎನ್ನುವುದನ್ನು ಮುಚ್ಚಿಡುವ ಗೋಜಿಗೇ ಅವರು ಹೋಗುವುದಿಲ್ಲ. ನಮ್ಮಲ್ಲಿ ಯಕ್ಷಗಾನಕ್ಕೆ ಕೂತವರಿಗೆ ಕರ್ಣ ಸಾಯುತ್ತಾನೆ ಎಂದು ಗೊತ್ತಿಲ್ಲವೆ? ಆದರೂ ಬೆಳಗಿನವರೆಗೆ ಕೂರುವುದಿಲ್ಲವೆ? ಅದೇ ಲೆಕ್ಕ.

ಪರೀಕ್ಷೆಗೆ ಮೊದಲ ಅಧ್ಯಾಯ ಸಾಕು. ಹದಿನೈದರ ಹುಡುಗ, ಎದುರಿಗೆ ಒಬ್ಬ ಮುದುಕಿ, ಅವಳ ಕೈಯಲ್ಲಿ ಹಸಿರು ಲೋಹದ ಒಂದು ಪೆಟ್ಟಿಗೆ. ಹುಡುಗ ಅದರೊಳಗೆ ಕೈ ಇಡಬೇಕು. ಕುತ್ತಿಗೆಯ ಪಕ್ಕ ವಿಷದ ಸೂಜಿ, ಕೈ ಹೊರಗೆ ತೆಗೆದರೆ ಸಾವು. ಇದನ್ನು ಓದಿಯೂ ಪುಟ ತಿರುಗಿಸಬೇಕು ಅನ್ನಿಸದಿದ್ದರೆ ಆ ಪುಸ್ತಕ ಅವಳದಲ್ಲ. ಒಂದೇ ಅಡ್ಡಿ: ಆ ಅಧ್ಯಾಯದಲ್ಲಿ ಬೆನೆ ಜೆಸೆರಿಟ್, ಕ್ವಿಸಾಟ್ಸ್ ಹ್ಯಾಡರಾಕ್ ಅಂತ ಅರ್ಥವಾಗದ ಪದಗಳು ಸುರಿಯುತ್ತವೆ. ಅವಕ್ಕೆಲ್ಲ ಅರ್ಥಕೋಶವೊಂದು ಪುಸ್ತಕದ ಹಿಂದೆ ಇದೆ. ಫೋನಿನ ಸ್ಯಾಂಪಲ್‌ನಲ್ಲಿ ಹಿಂದಿನ ಪುಟಗಳು ಬರುವುದಿಲ್ಲವಲ್ಲ, ಹಾಗಾಗಿ ಎಷ್ಟೋ ಜನ ‘ಇದು ನಮಗಲ್ಲ’ ಎಂದು ಬಿಟ್ಟುಬಿಡುತ್ತಾರೆ. ‘ಡ್ಯೂನ್’ ಮಟ್ಟಿಗೆ ಅಂಗಡಿಯಲ್ಲಿ ನಿಂತು ಅಚ್ಚಿನ ಪ್ರತಿಯನ್ನು ಹಿಂದಿನಿಂದ ತೆರೆದು ನೋಡುವುದೇ ಒಳ್ಳೆಯದು. ಹೇಳಬೇಕೆಂದರೆ ಸ್ಯಾಂಪಲ್ ಓದಿ ಬಿಟ್ಟವರಲ್ಲಿ ದೊಡ್ಡ ದೊಡ್ಡವರೇ ಇದ್ದಾರೆ. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸಿದ್ದರು. ಕೊನೆಗೆ ಅಚ್ಚು ಹಾಕಿದ ಚಿಲ್ಟನ್ ಕಂಪನಿಗೆ ಹೆಸರಿದ್ದದ್ದು ಕಾರು ರಿಪೇರಿ ಕೈಪಿಡಿಗಳಿಂದ!

ಎರಡನೆಯ ‘ಡ್ಯೂನ್ ಮೆಸಾಯಾ’ ಸಣ್ಣ ಪುಸ್ತಕ. ಮೊದಲನೆಯದರಲ್ಲಿ ಎತ್ತಿ ನಿಲ್ಲಿಸಿದ ನಾಯಕನನ್ನು ಇದರಲ್ಲಿ ಕೆಳಗಿಳಿಸುತ್ತಾರೆ. ಮೊದಲನೆಯದು ಇಷ್ಟವಾದರೆ ಇದನ್ನು ಬಿಡಬಾರದು. ಮೂರನೆಯದರ ನಂತರ ನಾನಾದರೆ ನಿಲ್ಲಿಸುತ್ತೇನೆ. ನಾಲ್ಕನೆಯದನ್ನು ತಲೆಯ ಮೇಲಿಟ್ಟುಕೊಳ್ಳುವ ಗೆಳೆಯರು ನನಗಿದ್ದಾರೆ, ಅವರ ಜೊತೆ ಈ ಜಗಳ ಇನ್ನೂ ಮುಗಿದಿಲ್ಲ.

‘ತ್ರೀ ಬಾಡಿ ಪ್ರಾಬ್ಲಮ್’ ವಿಷಯದಲ್ಲಿ ಸರಣಿಯ ಕ್ರಮಕ್ಕೆ ತಕರಾರಿಲ್ಲ. ಲಿಯು ಸಿಶಿನ್ ಬರೆದದ್ದು ಮೂರು. ಎರಡನೆಯದು ‘ದ ಡಾರ್ಕ್ ಫಾರೆಸ್ಟ್’, ಮೂರನೆಯದು ‘ಡೆತ್ಸ್ ಎಂಡ್’. ಇಂಗ್ಲಿಷಿನಲ್ಲಿ 2014, 2015, 2016ರಲ್ಲಿ ಬಂದವು. ತಮಾಷೆ ಇರುವುದು ಮೊದಲ ಪುಸ್ತಕದ ಒಳಗೆ. ಇಂಗ್ಲಿಷ್ ಅನುವಾದ ಶುರುವಾಗುವುದು 1967ರ ಸಾಂಸ್ಕೃತಿಕ ಕ್ರಾಂತಿಯಿಂದ: ಮಗಳ ಕಣ್ಣೆದುರೇ, ತುಂಬಿದ ಸಭೆಯಲ್ಲಿ, ಭೌತಶಾಸ್ತ್ರದ ಪ್ರಾಧ್ಯಾಪಕನೊಬ್ಬನನ್ನು ಹೊಡೆದು ಕೊಲ್ಲುತ್ತಾರೆ. ಚೀನೀ ಪುಸ್ತಕದಲ್ಲಿ ಈ ಅಧ್ಯಾಯಗಳು ಶುರುವಿನಲ್ಲಿಲ್ಲ, ಒಳಗೆ ನಡುವೆ ಇವೆ. ಲೇಖಕರ ಮೂಲ ಉದ್ದೇಶ ಇದೇ ಆಗಿತ್ತೆಂದು ಅನುವಾದಕ ಕೆನ್ ಲಿಯು ಅವನ್ನು ಮುಂದಕ್ಕೆ ತಂದರು. ಹಾಗಾಗಿ ಚೀನಾದ ಓದುಗ ಸವಿದ ಮೊದಲ ತುತ್ತೇ ಬೇರೆ, ನಿಮ್ಮ ಮಗಳು ಸವಿಯುವ ಮೊದಲ ತುತ್ತೇ ಬೇರೆ. ಸ್ಯಾಂಪಲ್ ಓದಿ ಇದು ಇತಿಹಾಸದ ಕಾದಂಬರಿ ಅಂದುಕೊಂಡರೆ ಅವಳ ತಪ್ಪಲ್ಲ, ಮುಂದೆ ಬರುವುದು ವಿಜ್ಞಾನಿಗಳ ಆತ್ಮಹತ್ಯೆ, ಕಂಪ್ಯೂಟರ್ ಆಟ, ಮೂರು ಸೂರ್ಯರ ಲೋಕ. ಎರಡನೇ ಪುಸ್ತಕದ ಅನುವಾದಕ ಬೇರೆ, ಜೋಯಲ್ ಮಾರ್ಟಿನ್ಸೆನ್. ಮೊದಲನೆಯದು ಮುಗಿದ ಮೇಲೆ ಅದರ ಸ್ಯಾಂಪಲ್ ಬೇರೆಯಾಗಿ ಓದಿಯೇ ತರಿಸಿ. ಮೂರೂ ಒಟ್ಟಿಗೆ ಬೇಡ. ನನಗಂತೂ ಎರಡನೆಯದೇ ಎಲ್ಲಕ್ಕಿಂತ ಮೇಲು, ಆದರೆ ಅದರ ಮೊದಲ ನೂರು ಪುಟಕ್ಕೆ ತಾಳ್ಮೆ ಬೇಕು.

ಅನುವಾದದ ಮಾತು ಬಂತಲ್ಲ, ಪುಕ್ಕಟೆ ಪುಸ್ತಕಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಒಂದು ಪೈಸೆ ಖರ್ಚಿಲ್ಲದೆ ಒಂದು ಜೋಡಿ ಪುಸ್ತಕವನ್ನು ಕ್ರಮವಾಗಿ ಓದುವ ಅನುಭವ ಬೇಕಿದ್ದರೆ ಜೂಲ್ಸ್ ವರ್ನ್ ಇದ್ದಾನೆ. 1870ರ ಹೊತ್ತಿಗೆ ಮುಗಿದ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ’, ಆಮೇಲೆ 1874–75ರ ‘ದ ಮಿಸ್ಟೀರಿಯಸ್ ಐಲ್ಯಾಂಡ್’. ಎರಡೂ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಪುಕ್ಕಟೆ ಕೊಡುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಸಿಗುತ್ತವೆ. ಮೊದಲನೆಯದರಲ್ಲಿ ಜಲಾಂತರ್ಗಾಮಿಯ ಕ್ಯಾಪ್ಟನ್ ನೆಮೋ ಯಾರು, ಯಾವ ದೇಶದವನು ಎಂಬುದು ಕಡೆಗೂ ಬಿಡಿಸದ ಗುಟ್ಟು. ಎರಡನೆಯದರ ಕೊನೆಯಲ್ಲಿ ಅವನೇ ಹೇಳುತ್ತಾನೆ. ನೂರೈವತ್ತು ವರ್ಷದ ಹಿಂದಿನ ಗುಟ್ಟು, ನಮ್ಮ ನಾಡಿಗೆ ತಾಗಿದ್ದು ಬೇರೆ, ಹಾಗಾಗಿ ಹೇಳದೆ ಇರಲಾರೆ. ಹೇಳದಿದ್ದರೇ ಚೆನ್ನ ಅನ್ನುವವರು ಮುಂದಿನ ಪ್ಯಾರಾಕ್ಕೆ ಹಾರಿ. ನೆಮೋ ಬುಂದೇಲಖಂಡದ ರಾಜಕುಮಾರ ಡಕ್ಕಾರ್, ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ಸಂಬಂಧಿ. 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಎಲ್ಲವನ್ನೂ ಕಳೆದುಕೊಂಡು ಕಡಲು ಸೇರಿದವನು. ಎರಡನೇ ಪುಸ್ತಕ ಮೊದಲು ಓದಿದವರಿಗೆ ಮೊದಲ ಪುಸ್ತಕದ ಆ ಮೌನದ ತೂಕ ಸಿಗುವುದೇ ಇಲ್ಲ. (ಎರಡರ ಕತೆಯೊಳಗಿನ ಇಸವಿಗಳು ಒಂದಕ್ಕೊಂದು ಹೊಂದುವುದಿಲ್ಲ, ಕಾಲಾನುಕ್ರಮದವರು ಇಲ್ಲಿ ಏನು ಮಾಡುತ್ತಾರೋ!)

ಗುಟೆನ್‌ಬರ್ಗ್‌ನಲ್ಲೇ ಒಂದು ಗುಂಡಿಯೂ ಇದೆ. ‘ಟ್ವೆಂಟಿ ಥೌಸಂಡ್ ಲೀಗ್ಸ್’ನ ಹಳೇ ಇಂಗ್ಲಿಷ್ ಅನುವಾದ 1870ರ ದಶಕದ್ದು, ಲೂಯಿಸ್ ಮರ್ಸಿಯರ್ ಮಾಡಿದ್ದು. ಮೂಲದ ಐದನೇ ಒಂದು ಭಾಗಕ್ಕೂ ಹೆಚ್ಚನ್ನು ಅದರಲ್ಲಿ ಕತ್ತರಿಸಿ ಎಸೆದಿದ್ದಾರೆ. ಅಗ್ಗದ ಎಷ್ಟೋ ಮುದ್ರಣಗಳೂ ಅದನ್ನೇ ಎತ್ತಿ ಅಚ್ಚು ಹಾಕಿವೆ, ಅನುವಾದಕರ ಹೆಸರೂ ಇರುವುದಿಲ್ಲ. ಕಂಡುಹಿಡಿಯುವುದು ಸುಲಭ: ಎರಡನೇ ಅಧ್ಯಾಯದ ಮೊದಲ ವಾಕ್ಯ ನೋಡಿ. ಕತೆ ಹೇಳುವ ಪ್ರೊಫೆಸರ್ ತಾನು ನೆಬ್ರಾಸ್ಕಾದ ‘ಡಿಸಗ್ರೀಯಬಲ್ ಟೆರಿಟರಿ’ಯಿಂದ ಬಂದೆ ಎಂದಿದ್ದರೆ ಅದು ಕತ್ತರಿ ಬಿದ್ದ ಪ್ರತಿ. ಅಲ್ಲಿ ಇರಬೇಕಾದದ್ದು ‘ಬ್ಯಾಡ್‌ಲ್ಯಾಂಡ್ಸ್’, ಅದು ಆ ಜಾಗಕ್ಕೆ ಇರುವ ಹೆಸರು. ಮರ್ಸಿಯರ್ ಅದನ್ನು ಅಕ್ಷರಶಃ ಅಹಿತಕರ ಪ್ರದೇಶ ಮಾಡಿಬಿಟ್ಟರು. ಅದೇ ಗುಟೆನ್‌ಬರ್ಗ್‌ನಲ್ಲಿ ಎಫ್. ಪಿ. ವಾಲ್ಟರ್ ಅವರ ಪೂರ್ತಿ ಅನುವಾದವೂ ಪುಕ್ಕಟೆ ಇದೆ, ಅದನ್ನು ಇಳಿಸಿಕೊಳ್ಳಿ. ಹಳೇ ಅನುವಾದದ ಹತ್ತು ಪುಟ ಓದಿ ವರ್ನ್ ಬೋರು ಎಂದವರನ್ನು ಬಹಳ ಕಂಡಿದ್ದೇನೆ.

ಅಚ್ಚಾದ ಕ್ರಮ ಕೈಕೊಡುವ ಕಡೆಗಳೂ ಇವೆ, ಬೇಗ ಬೇಗ ಹೇಳಿಬಿಡುತ್ತೇನೆ. ಆರ್ಥರ್ ಸಿ. ಕ್ಲಾರ್ಕ್ ಅವರ ‘2001’ ಕಾದಂಬರಿಯಲ್ಲಿ ನೌಕೆ ಶನಿಗ್ರಹಕ್ಕೆ ಹೋಗುತ್ತದೆ, ಅದೇ 1968ರ ಸಿನಿಮಾದಲ್ಲಿ ಗುರುಗ್ರಹಕ್ಕೆ. 1982ರ ಮುಂದಿನ ಕಾದಂಬರಿ ‘2010’ ಸಿನಿಮಾದ ಗುರುವನ್ನೇ ಹಿಡಿದುಕೊಂಡಿದೆ, ಹಾಗಾಗಿ ಪುಸ್ತಕದಿಂದ ಪುಸ್ತಕಕ್ಕೆ ಹೋದವರು ಗ್ರಹ ತಪ್ಪಿದಂತೆ ಬೆಪ್ಪಾಗುತ್ತಾರೆ. ಅರ್ಸುಲಾ ಲೆ ಗ್ವಿನ್ ಅವರ, ಒಂದೇ ಕಲ್ಪನಾಲೋಕದಲ್ಲಿ ನಡೆಯುವ ಹೈನಿಷ್ ಕಾದಂಬರಿಗಳಿಗೆ ಕ್ರಮವೇ ಬೇಕಿಲ್ಲ, 1969ರ ‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ನೇರವಾಗಿ ಓದಬಹುದು. ಡ್ಯಾನ್ ಸಿಮನ್ಸ್ ಅವರ ‘ಹೈಪೀರಿಯನ್’ ವಿಷಯದಲ್ಲಿ ಮಾತ್ರ ಒಂದೇ ಪುಸ್ತಕ ತನ್ನಿ ಎಂಬ ನನ್ನ ಸೂತ್ರ ಕೆಲಸ ಮಾಡುವುದಿಲ್ಲ: ಅದು ಮುಗಿಯದೆ ನಿಲ್ಲುತ್ತದೆ, ಮುಂದಿನ ‘ದ ಫಾಲ್ ಆಫ್ ಹೈಪೀರಿಯನ್’ ಸೇರಿದರೇ ಒಂದು ಕತೆ. ದಪ್ಪ ಪುಸ್ತಕ ಕಂಡರೆ ಹೆದರುವ ಮಕ್ಕಳಿಗೆ ಮಾರ್ಥಾ ವೆಲ್ಸ್ ಅವರ ಮರ್ಡರ್‌ಬಾಟ್ ಸರಣಿ ಹೇಳಿಮಾಡಿಸಿದ್ದು. ಮೊದಲ ‘ಆಲ್ ಸಿಸ್ಟಮ್ಸ್ ರೆಡ್’ ಒಂದು ಸಂಜೆಯ ಓದು, ಪೂರ್ತಿ ಕತೆ.

ಅಂಗಡಿಗೆ ಹೋಗುವುದಾದರೆ ಇಷ್ಟು ಮಾಡಿ. ಹಿಂಬದಿಯ ರಟ್ಟು ಓದಬೇಡಿ. ಮೂರನೇ ಪುಸ್ತಕದ ಬೆನ್ನ ಮೇಲೆ ಮೊದಲೆರಡರ ಗುಟ್ಟೆಲ್ಲ ಬರೆದಿರುತ್ತದೆ. ಒಳಗೆ ಹಕ್ಕುಸ್ವಾಮ್ಯದ ಪುಟದಲ್ಲಿ ಮೊದಲ ಮುದ್ರಣದ ಇಸವಿ ಇರುತ್ತದೆ, ಅದನ್ನು ನಂಬಿ. ‘ಇದೇ ಲೇಖಕರ ಇತರ ಪುಸ್ತಕಗಳು’ ಎಂಬ ಪಟ್ಟಿಯನ್ನು ನಂಬಬೇಡಿ. ಅನುಮಾನ ಬಂದರೆ ವೈಜ್ಞಾನಿಕ ಕಾದಂಬರಿಗಳ ಮಾಹಿತಿಕೋಶವಾದ ಐಎಸ್‌ಎಫ್‌ಡಿಬಿ (ISFDB) ಎಂಬ ತಾಣದಲ್ಲಿ ಲೇಖಕರ ಹೆಸರು ಹಾಕಿ, ಸರಣಿವಾರು ಇಸವಿಗಳು ಸಿಗುತ್ತವೆ. ಆಮೇಲೆ ಮೊದಲ ಪುಟ ಬಿಟ್ಟು, ಮೂರನೇ ಒಂದು ಭಾಗದಷ್ಟು ಒಳಗೆ ಹೋಗಿ ಯಾವುದಾದರೂ ಅಧ್ಯಾಯದ ಮೊದಲೆರಡು ಪುಟ ಮಗಳೇ ನಿಂತು ಓದಲಿ. ಮೊದಲ ಪುಟವನ್ನು ಎಲ್ಲ ಲೇಖಕರೂ ಇಸ್ತ್ರಿ ಮಾಡಿಯೇ ಕಳಿಸಿರುತ್ತಾರೆ, ನಡುವಿನ ಪುಟ ಮನೆಯಲ್ಲಿರುವ ಹಾಗೆ ಇರುತ್ತದೆ. ಯಾರು ಯಾರೆಂದು ತಿಳಿಯದಿದ್ದರೂ ಪರವಾಗಿಲ್ಲ. ಆ ಗದ್ಯದ ಜೊತೆ ನಾನೂರು ಪುಟ ಇರಬಲ್ಲೆನೆ ಎಂಬುದಷ್ಟೇ ಪ್ರಶ್ನೆ. ಬೆಂಗಳೂರಿಗೆ ಬಂದಾಗ ಚರ್ಚ್ ಸ್ಟ್ರೀಟಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಒಂದು ಮಧ್ಯಾಹ್ನ ಕೊಡಿ, ನಿಂತು ಓದಿದರೆ ಅಲ್ಲಿ ಯಾರೂ ಗದರುವುದಿಲ್ಲ. ಫುಟ್‌ಪಾತಿನ ಜೆರಾಕ್ಸ್ ನಕಲು ಮಾತ್ರ ಬೇಡ. ನನ್ನ ಒಂದು ಪ್ರತಿಯಲ್ಲಿ ಹದಿನಾರು ಪುಟ ಎರಡು ಸಲ ಇದ್ದವು, ಮುಂದಿನ ಹದಿನಾರು ಇರಲೇ ಇಲ್ಲ.

ಈ ರಜೆಗೆ ‘ಡ್ಯೂನ್’ ಒಂದನ್ನು ಕೊಡಿಸಿ. ಸಿನಿಮಾದ ಬಿಸಿ ಆರುವ ಮೊದಲೇ ಅವಳು ಅದನ್ನು ಮುಗಿಸಬಲ್ಲಳು. ಅಷ್ಟರಲ್ಲಿ ಉಳಿದೆರಡರ ಸ್ಯಾಂಪಲ್ ಫೋನಿನಲ್ಲಿ ಇಳಿದು ಕೂತಿರಲಿ. ಟಿವಿ ಪಕ್ಕದ ಹಳೇ ಬಾಕ್ಸ್ ಸೆಟ್ಟನ್ನು ಇನ್ನು ಓದುವವರಿಲ್ಲ ಅನ್ನಿಸಿದರೆ ಅವಳ ಕಾಲೇಜಿನ ಲೈಬ್ರರಿಗೆ ಕೊಟ್ಟುಬಿಡಿ. ಕೊಡುವಾಗ ಎಲ್ಲವನ್ನೂ ಸೇರಿಸಿ ದಾರ ಕಟ್ಟಿಯೇ ಕೊಡಿ. ಬಿಡಿಬಿಡಿಯಾಗಿ ಹೋಗಿ, ಅದರ ಮೂರನೆಯದೊಂದೇ ಅವೆನ್ಯೂ ರಸ್ತೆ ಸೇರಿದರೆ ನನ್ನಂಥವನೊಬ್ಬನ ಕೈಗೆ ಸಿಕ್ಕಿಬಿಡುತ್ತದೆ.